ಸೇಬಿನ ತೋಟ, ತಾಯಂದಿರ ಕೂಟ ಮತ್ತು ಒಬ್ಬ ನಟಿ

1989ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ನ್ಯೂಯಾರ್ಕ್, ಷಿಕಾಗೊ ಮತ್ತು ಲಾಸ್ ಏಂಜಲೀಸ್ ನಗರಗಳ ಶಾಲೆಗಳಲ್ಲಿ ಮಕ್ಕಳ ಊಟದ ತಟ್ಟೆಯಿಂದ ಸೇಬು ಮಾಯವಾಯಿತು. ಆ ದೇಶದಲ್ಲಿ ಸೇಬೆಂದರೆ ಆರೋಗ್ಯಕ್ಕೆ ಇನ್ನೊಂದು ಹೆಸರು. ಮಕ್ಕಳು ಗುರುಗಳಿಗೆ ಪ್ರೀತಿಯಿಂದ ಒಯ್ದು ಕೊಡುವ ಹಣ್ಣು. ಅಂಥ ಹಣ್ಣನ್ನು ಶಾಲೆಯ ಆಡಳಿತಗಾರರೇ ಹೊರಗಿಡುವಂತಾಯಿತು. ಅಂಗಡಿಗಳಲ್ಲಿ ಸೇಬಿನ ರಸವನ್ನು ಕೇಳುವವರಿಲ್ಲವಾದರು. ವಾಷಿಂಗ್ಟನ್ ರಾಜ್ಯದ ಕಣಿವೆಗಳ ಬೆಳೆಗಾರರು ಉಗ್ರಾಣದಲ್ಲಿಟ್ಟಿದ್ದ ಹಣ್ಣಿಗೆ ಬೆಲೆಯಿಲ್ಲದೆ ಕಂಗೆಟ್ಟರು. ಈ ಎಲ್ಲದರ ನಡುವೆ ಪತ್ರಿಕೆಗಳಲ್ಲಿಯೂ ದೂರದರ್ಶನದ ಪರದೆಯಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಂಡ ಮುಖ ವಿಜ್ಞಾನಿಯದಲ್ಲ, ಮಂತ್ರಿಯದೂ ಅಲ್ಲ. ಅದು ಮೆರಿಲ್ ಸ್ಟ್ರೀಪ್ ಎಂಬ ಚಲನಚಿತ್ರ ನಟಿಯದು.

ಪರಿಸರದ ಕೆಲಸಕ್ಕೆ ಖ್ಯಾತನಾಮರನ್ನು ಕರೆತರಬೇಕೆ, ತಂದರೆ ಏನಾಗುತ್ತದೆ ಎಂಬುದು ಬೆಟ್ಟದ ಊರುಗಳ ಸಭೆಗಳಲ್ಲಿ ಆಗಾಗ ಏಳುವ ಪ್ರಶ್ನೆ. ಅದನ್ನು ವಿಚಾರಿಸುವವರಿಗೆ ಈ ನಟಿಯ ಪ್ರಕರಣದಷ್ಟು ಉಪಯುಕ್ತವಾದ ಉದಾಹರಣೆ ಇನ್ನೊಂದಿಲ್ಲ. ಇದರಲ್ಲಿ ಗೆಲುವೂ ಇದೆ, ತಪ್ಪೂ ಇದೆ. ಅವೆರಡನ್ನೂ ಬಿಡಿಸಿ ನೋಡುವುದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷಗಳ ದೂರವೂ ಈಗ ದೊರೆತಿದೆ.

ಸ್ಟ್ರೀಪ್ ಹುಟ್ಟಿದ್ದು 1949ರಲ್ಲಿ, ನ್ಯೂಜೆರ್ಸಿ ರಾಜ್ಯದಲ್ಲಿ. ವಾಸರ್ ಕಾಲೇಜಿನಲ್ಲಿ ಪದವಿ ಪಡೆದು, ಯೇಲ್ ವಿಶ್ವವಿದ್ಯಾಲಯದ ನಾಟಕ ಶಾಲೆಯಲ್ಲಿ ಅಭ್ಯಾಸ ಮಾಡಿ, 1975ರಲ್ಲಿ ಅಲ್ಲಿಂದ ಹೊರಬಂದರು. ರಂಗಭೂಮಿಯಿಂದ ಬೆಳ್ಳಿತೆರೆಗೆ ಬಂದ ಮೇಲೆ 'ದಿ ಡೀರ್ ಹಂಟರ್' (1978) ಚಿತ್ರ ಅವರನ್ನು ಗಮನಕ್ಕೆ ತಂದಿತು. ಮರುವರ್ಷದ 'ಕ್ರೇಮರ್ ವರ್ಸಸ್ ಕ್ರೇಮರ್' ಪೋಷಕ ನಟಿಗೆ ಸಲ್ಲುವ ಆಸ್ಕರ್ ಪ್ರಶಸ್ತಿಯನ್ನೂ, 1982ರ 'ಸೋಫೀಸ್ ಚಾಯ್ಸ್' ಅತ್ಯುತ್ತಮ ನಟಿಯ ಪ್ರಶಸ್ತಿಯನ್ನೂ ತಂದವು. ಮೂರನೆಯ ಆಸ್ಕರ್ ಬಂದದ್ದು ಬಹಳ ತಡವಾಗಿ, 2011ರ 'ದಿ ಐರನ್ ಲೇಡಿ' ಚಿತ್ರಕ್ಕೆ. ಆ ಪ್ರಶಸ್ತಿಗೆ 21 ಬಾರಿ ನಾಮಕರಣಗೊಂಡ ಬೇರೊಬ್ಬ ಕಲಾವಿದರಿಲ್ಲ. ಪಾತ್ರದ ನಾಡಿನವರು ಆಡುವ ಉಚ್ಚಾರಣೆಯನ್ನು ಕಲಿತು, ಆ ಮಾತಿನೊಳಗಿನಿಂದ ಮನುಷ್ಯರನ್ನು ಕಟ್ಟುವುದು ಅವರ ವಿಶೇಷತೆ.

ಅವರ ಚಿತ್ರಗಳಲ್ಲಿ ಎರಡು ಈ ಪುಟಗಳ ಓದುಗರಿಗೆ ಹತ್ತಿರದವು. 1983ರ 'ಸಿಲ್ಕ್‌ವುಡ್' ನಿಜವಾಗಿ ಬಾಳಿದ ಒಬ್ಬ ಕಾರ್ಮಿಕ ಮಹಿಳೆಯ ಕಥೆ. ಓಕ್ಲಹೋಮ ರಾಜ್ಯದ ಪ್ಲುಟೋನಿಯಂ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಕರೆನ್ ಸಿಲ್ಕ್‌ವುಡ್, ಅಲ್ಲಿನ ಸುರಕ್ಷತೆಯ ಲೋಪಗಳನ್ನು ಕಾರ್ಮಿಕ ಸಂಘದ ಪರವಾಗಿ ದಾಖಲಿಸುತ್ತಿದ್ದಳು. 1974ರ ನವೆಂಬರ್‌ನ ಒಂದು ರಾತ್ರಿ ಪತ್ರಕರ್ತರೊಬ್ಬರನ್ನು ಕಾಣಲು ಹೊರಟವಳು ದಾರಿಯಲ್ಲಿ ಕಾರು ಅಪಘಾತಕ್ಕೀಡಾಗಿ ತೀರಿಕೊಂಡಳು. ಎರಡನೆಯದು 1985ರ 'ಔಟ್ ಆಫ್ ಆಫ್ರಿಕಾ'. ಡೆನ್ಮಾರ್ಕಿನ ಲೇಖಕಿ ಕರೆನ್ ಬ್ಲಿಕ್ಸೆನ್ ಕೀನ್ಯಾದ ನ್‌ಗೊಂಗ್ ಬೆಟ್ಟಗಳ ತಪ್ಪಲಿನಲ್ಲಿ ಕಾಫಿ ತೋಟ ಮಾಡಿ ಸೋತ ಕಥೆ ಅದು. ಆ ತೋಟ ಸುಮಾರು ಆರು ಸಾವಿರ ಅಡಿ ಎತ್ತರದಲ್ಲಿತ್ತು. ಅಲ್ಲಿನ ಹವೆ ಕಾಫಿಗೆ ಒಗ್ಗಲಿಲ್ಲ. 1931ರಲ್ಲಿ ಆಕೆ ತೋಟ ಕಳೆದುಕೊಂಡು ತಾಯ್ನಾಡಿಗೆ ಮರಳಿದಳು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಆ ಚಿತ್ರವನ್ನು ನೋಡಿದರೆ ಪ್ರೇಮಪ್ರಸಂಗಕ್ಕಿಂತ ಗಿಡದ ಕಡೆಗೇ ಅವರ ಕಣ್ಣು ಹೋದೀತು.

ಆ ಚಿತ್ರ ತೆರೆಕಂಡ ವರ್ಷವೇ ಸ್ಟ್ರೀಪ್ ಕುಟುಂಬ ಕನೆಕ್ಟಿಕಟ್ ರಾಜ್ಯದ ವಾಯವ್ಯ ಮೂಲೆಯಲ್ಲಿರುವ ಸಾಲ್ಸ್‌ಬರಿ ಎಂಬ ಊರಿನಲ್ಲಿ ಮನೆ ಮಾಡಿತು. ಅದು ಬೆಟ್ಟ ಮತ್ತು ಕೆರೆಗಳ ಊರು. ರಾಜ್ಯದ ಅತ್ಯುನ್ನತ ಸ್ಥಳವಿರುವುದೂ ಅದರ ಗಡಿಯಲ್ಲಿಯೇ. ಎತ್ತರ ಕೇವಲ 725 ಮೀಟರ್. ಆಗುಂಬೆಯವರಿಗೆ ಅದು ಗುಡ್ಡವೆನಿಸೀತು ಅಷ್ಟೆ. ಹಳೆಯ ಕಾಲದಿಂದ ಹೈನುಗಾರಿಕೆ ಮತ್ತು ಸೇಬಿನ ತೋಟಗಳಿದ್ದ ಸೀಮೆ ಅದು. 1989ರ ಹೊತ್ತಿಗೆ ಸ್ಟ್ರೀಪ್ ಮೂವರು ಮಕ್ಕಳ ತಾಯಿ. ಎನ್‌ಆರ್‌ಡಿಸಿ ಎಂಬ ಪರಿಸರ ಸಂಸ್ಥೆಯ ವೆಂಡಿ ಗಾರ್ಡನ್ ಅವರೊಡನೆ ಸೇರಿ ಆ ವರ್ಷ ಅವರು ತಾಯಂದಿರ ಒಂದು ಕೂಟವನ್ನು ಕಟ್ಟಿದರು. 'ಮದರ್ಸ್ ಅಂಡ್ ಅದರ್ಸ್' ಎಂಬುದು ಅದರ ಹೆಸರು. ಮಕ್ಕಳ ಆಹಾರದಲ್ಲಿ ಪೀಡೆನಾಶಕಗಳ ಶೇಷಾಂಶಕ್ಕೆ ಮಿತಿ ಇರಬೇಕೆಂಬುದು ಅದರ ಮೊದಲ ಬೇಡಿಕೆ.

ಇಲ್ಲಿ ಅಲಾರ್ ಎಂಬ ರಾಸಾಯನಿಕದ ವಿಷಯವನ್ನು ತುಸು ವಿವರವಾಗಿ ಹೇಳಬೇಕು. ಅದು ಕೀಟನಾಶಕವಲ್ಲ, ಅನೇಕರು ಇಂದಿಗೂ ಹಾಗೆಂದೇ ಬರೆಯುತ್ತಾರೆ. ಯೂನಿರಾಯಲ್ ಕಂಪೆನಿ ತಯಾರಿಸುತ್ತಿದ್ದ ಡ್ಯಾಮಿನೊಜೈಡ್ ಎಂಬ ಬೆಳವಣಿಗೆ ನಿಯಂತ್ರಕದ ವ್ಯಾಪಾರನಾಮ ಅಲಾರ್. ಮೊದಲು ಅಲಂಕಾರದ ಹೂಗಿಡಗಳಿಗೆ, 1968ರಿಂದ ಸೇಬಿಗೆ ಅದರ ಬಳಕೆಗೆ ಅನುಮತಿಯಿತ್ತು. ಸಿಂಪಡಿಸಿದರೆ ಹಣ್ಣು ಬೇಗನೆ ಉದುರುವುದಿಲ್ಲ, ಕೆಂಪು ಒಂದೇ ಸಮನೆ ಏರುತ್ತದೆ, ಉಗ್ರಾಣದಲ್ಲಿ ತಿಂಗಳುಗಟ್ಟಲೆ ಗಟ್ಟಿಯಾಗಿ ಉಳಿಯುತ್ತದೆ. ಎಲ್ಲ ಮರಗಳನ್ನೂ ಒಮ್ಮೆಲೇ ಕೊಯ್ಯಬಹುದಾದ್ದರಿಂದ ಕೂಲಿಯೂ ಉಳಿಯುತ್ತದೆ. ಕೊಯ್ಲಿನ ಕಾಲಕ್ಕೆ ಕೊನೆಗಾರರು ಸಿಗದೆ ಅಡಿಕೆ ಉದುರುವುದನ್ನು ನೋಡುತ್ತ ಕುಳಿತ ಮಲೆನಾಡಿನ ತೋಟಗಾರನಿಗೆ ಅಂಥ ಔಷಧಿಯ ಆಕರ್ಷಣೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ತೊಂದರೆ ಇದ್ದದ್ದು ಅದು ಒಡೆದಾಗ ಹುಟ್ಟುವ ವಸ್ತುವಿನಲ್ಲಿ. ಸೇಬನ್ನು ಕಾಯಿಸಿ ರಸವನ್ನೋ ಗೊಜ್ಜನ್ನೋ ಮಾಡುವಾಗ ಡ್ಯಾಮಿನೊಜೈಡ್‌ನ ಒಂದಂಶ ಯುಡಿಎಂಎಚ್ ಎಂಬ ವಸ್ತುವಾಗಿ ಮಾರ್ಪಡುತ್ತದೆ. ರಾಕೆಟ್ಟುಗಳ ಇಂಧನದಲ್ಲಿ ಬಳಕೆಯಾಗುವ ವಸ್ತು ಅದು. ಇಲಿಗಳ ಮೇಲಿನ ಪ್ರಯೋಗದಲ್ಲಿ ಅದು ಗಡ್ಡೆಗಳನ್ನು ಉಂಟುಮಾಡುತ್ತದೆಂದು 1970ರ ದಶಕದಲ್ಲಿಯೇ ಪ್ರಕಟವಾಗಿತ್ತು. 1985ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಅಲಾರ್‌ನ ಅನುಮತಿ ರದ್ದುಮಾಡಲು ಮುಂದಾಯಿತು. ಪ್ರಯೋಗಗಳ ಗುಣಮಟ್ಟ ಸಾಲದೆಂದು ವೈಜ್ಞಾನಿಕ ಸಲಹಾ ಮಂಡಳಿ ಆಕ್ಷೇಪಿಸಿದ್ದರಿಂದ ಸಂಸ್ಥೆ ಹಿಂದೆ ಸರಿದು, ಹೊಸ ಪರೀಕ್ಷೆಗಳನ್ನು ನಡೆಸುವಂತೆ ಕಂಪೆನಿಗೆ ಸೂಚಿಸಿತು. ಪರೀಕ್ಷೆಗಳು ನಡೆಯುತ್ತಿದ್ದಂತೆಯೇ ಸಿಂಪಡಣೆಯೂ ನಡೆಯಿತು. ಸಂಶಯದ ಲಾಭ ಮಗುವಿಗೆ ಸಲ್ಲಬೇಕೋ ಡಬ್ಬಿಗೆ ಸಲ್ಲಬೇಕೋ ಎಂಬ ಪ್ರಶ್ನೆಗೆ ಆ ವರ್ಷಗಳಲ್ಲಿ ದೊರೆತ ಉತ್ತರ ಅದೇ.

ಮಕ್ಕಳ ವಿಷಯ ಪ್ರತ್ಯೇಕವಾದದ್ದೇಕೆ ಎಂಬುದು ಸರಳ ಲೆಕ್ಕ. ಅರುವತ್ತು ಕಿಲೋ ತೂಕದ ವಯಸ್ಕನೂ ಹನ್ನೆರಡು ಕಿಲೋ ತೂಕದ ಮಗುವೂ ಒಂದೊಂದು ಲೋಟ ಸೇಬಿನ ರಸ ಕುಡಿದರೆ, ದೇಹದ ಪ್ರತಿ ಕಿಲೋಗೆ ಮಗುವಿಗೆ ಸೇರುವ ಶೇಷಾಂಶ ಐದು ಪಟ್ಟು. ಅಮೆರಿಕದ ಎಳೆಯರು ಸೇಬಿನ ರಸವನ್ನು ವಯಸ್ಕರಿಗಿಂತ ಹೆಚ್ಚಾಗಿಯೇ ಕುಡಿಯುತ್ತಿದ್ದುದರಿಂದ ಅಂತರ ಇನ್ನೂ ದೊಡ್ಡದು. ಅದರ ಮೇಲೆ ಎಳೆಯ ದೇಹದಲ್ಲಿ ಜೀವಕೋಶಗಳು ಭರದಿಂದ ವಿಭಜನೆಗೊಳ್ಳುತ್ತಿರುತ್ತವೆ, ವಿಷವನ್ನು ಹೊರಹಾಕುವ ಅಂಗಗಳು ಪೂರ್ಣ ಬಲಿತಿರುವುದಿಲ್ಲ. ಇಷ್ಟಾದರೂ ಮಿತಿಗಳನ್ನು ನಿಗದಿಪಡಿಸುವಾಗ ಲೆಕ್ಕಕ್ಕಿದ್ದವನು ವಯಸ್ಕ. ಎನ್‌ಆರ್‌ಡಿಸಿ 1989ರ ಫೆಬ್ರವರಿಯಲ್ಲಿ ಪ್ರಕಟಿಸಿದ ವರದಿಯ ತಿರುಳು ಇದು. ಫೆಬ್ರವರಿ 26ರಂದು ಸಿಬಿಎಸ್ ವಾಹಿನಿಯ '60 ಮಿನಿಟ್ಸ್' ಕಾರ್ಯಕ್ರಮ ಅದನ್ನು ಕೋಟ್ಯಂತರ ಜನರ ಮುಂದಿಟ್ಟಿತು. ನಿರೂಪಕರ ಹಿಂದೆ ತೋರಿಸಿದ್ದು ಕೆಂಪು ಸೇಬಿನ ಮೇಲೆ ತಲೆಬುರುಡೆ ಮತ್ತು ಎಲುಬುಗಳ ಚಿತ್ರ.

ಸ್ಟ್ರೀಪ್ ರಂಗಕ್ಕೆ ಬಂದದ್ದು ಇದರ ಬೆನ್ನಿಗೆ. ಪತ್ರಿಕಾಗೋಷ್ಠಿ, ದೂರದರ್ಶನದ ಸಂದರ್ಶನ, ಮಾರ್ಚ್ ತಿಂಗಳಿನಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ. ತಾಯಂದಿರು ತರಕಾರಿಯನ್ನು ಚೆನ್ನಾಗಿ ತೊಳೆಯಬೇಕೆಂದು ತೋರಿಸುವ ದೂರದರ್ಶನದ ಪ್ರಕಟಣೆಯಲ್ಲಿಯೂ ಅವರು ಕಾಣಿಸಿಕೊಂಡರು. ತೊಳೆಯುವುದು ಒಳ್ಳೆಯ ಅಭ್ಯಾಸವೇ. ಆದರೆ ಅಲಾರ್ ಹಣ್ಣಿನ ತಿರುಳಿನೊಳಕ್ಕೆ ಇಳಿಯುವ ಜಾತಿಯದು. ತೊಳೆದರೂ ಸಿಪ್ಪೆ ಸುಲಿದರೂ ಹೋಗುವಂಥದಲ್ಲ. ಈ ಪ್ರಚಾರ ತಾನಾಗಿ ಹಬ್ಬಿದ್ದೂ ಅಲ್ಲ. ಎನ್‌ಆರ್‌ಡಿಸಿ ಒಂದು ಪ್ರಚಾರ ಸಂಸ್ಥೆಯ ನೆರವು ಪಡೆದು, ಯಾವ ದಿನ ಯಾವ ಮಾಧ್ಯಮಕ್ಕೆ ಏನನ್ನು ಕೊಡಬೇಕೆಂದು ಮೊದಲೇ ಯೋಜಿಸಿತ್ತು.

ಪರಿಣಾಮ ಶೀಘ್ರವಾಗಿ ಬಂತು. ಜೂನ್ ತಿಂಗಳಿನಲ್ಲಿ ಯೂನಿರಾಯಲ್ ಕಂಪೆನಿ ಅಮೆರಿಕದಲ್ಲಿ ಆಹಾರ ಬೆಳೆಗಳಿಗೆ ಅಲಾರ್ ಮಾರುವುದನ್ನು ತಾನಾಗಿಯೇ ನಿಲ್ಲಿಸಿತು. ನಾಲ್ಕು ವರ್ಷಗಳಿಂದ ಕಡತಗಳಲ್ಲಿ ತೂಗಾಡುತ್ತಿದ್ದದ್ದು ನಾಲ್ಕು ತಿಂಗಳಲ್ಲಿ ತೀರ್ಮಾನವಾಯಿತು.

ಅದರ ಇನ್ನೊಂದು ಮಗ್ಗುಲನ್ನು ಬೆಟ್ಟದ ಬೆಳೆಗಾರರು ಗಮನವಿಟ್ಟು ನೋಡಬೇಕು. ಆಗ ಅಲಾರ್ ಬೀಳುತ್ತಿದ್ದದ್ದು ದೇಶದ ಒಟ್ಟು ಸೇಬಿನ ಒಂದು ಪಾಲಿಗೆ ಮಾತ್ರ. ಅನೇಕರು ಅದನ್ನು ಹಿಂದೆಯೇ ಬಿಟ್ಟಿದ್ದರು. ಭಯಕ್ಕಾದರೋ ಪಾಲುಗಳಿರಲಿಲ್ಲ. ಸಿಂಪಡಿಸಿದವನ ಹಣ್ಣೂ ಸಿಂಪಡಿಸದವನ ಹಣ್ಣೂ ಒಂದೇ ರಾಶಿಯಲ್ಲಿ ಕೊಳೆಯಿತು. ವಾಷಿಂಗ್ಟನ್ ರಾಜ್ಯದ ಬೆಳೆಗಾರರು ತಮಗಾದ ನಷ್ಟವನ್ನು ಹತ್ತು ಕೋಟಿ ಡಾಲರಿಗೂ ಮಿಕ್ಕಿದ್ದೆಂದು ಹೇಳಿದರು. ಉಳಿದ ಸೇಬನ್ನು ಕೊಳ್ಳಲು ಸರ್ಕಾರ ಒಂದೂವರೆ ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಬೆಳೆಗಾರರು ಸಿಬಿಎಸ್ ವಿರುದ್ಧ ಹೂಡಿದ ದಾವೆ 1993ರಲ್ಲಿ ವಜಾ ಆಯಿತು. 1995ರಲ್ಲಿ ಮೇಲ್ಮನವಿಯೂ ಬಿದ್ದಿತು. ಪ್ರಸಾರವಾದ ಮಾತು ಸುಳ್ಳೆಂದು ಅವರು ಸಾಧಿಸಲಾರರು ಎಂಬುದು ನ್ಯಾಯಾಲಯದ ನಿಲುವು. ಇದರ ತರುವಾಯ ಹದಿಮೂರು ರಾಜ್ಯಗಳು ಕೃಷಿ ಉತ್ಪನ್ನಗಳನ್ನು ಆಧಾರವಿಲ್ಲದೆ ನಿಂದಿಸಿದವರ ಮೇಲೆ ದಾವೆ ಹೂಡಬಹುದಾದ ಕಾನೂನುಗಳನ್ನು ಮಾಡಿಕೊಂಡವು. ಆ ಕಾನೂನುಗಳ ಅಂಜಿಕೆ ತಟ್ಟಿದ್ದು ಹೆಚ್ಚಾಗಿ ನಟಿಯರಿಗಲ್ಲ, ಸಣ್ಣ ಪತ್ರಿಕೆಗಳಿಗೆ ಮತ್ತು ಸಣ್ಣ ಸಂಘಟನೆಗಳಿಗೆ.

ಹಾಗಾದರೆ ಸ್ಟ್ರೀಪ್ ಹೇಳಿದ್ದು ಸರಿಯೋ ತಪ್ಪೋ? ರಾಸಾಯನಿಕ ಉದ್ಯಮದ ಪರವಾಗಿ ಬರೆಯುವವರು 'ಅಲಾರ್ ಗುಲ್ಲು' ಎಂಬ ಮಾತನ್ನು ಸುಳ್ಳು ಹೆದರಿಕೆಗೆ ಪರ್ಯಾಯಪದವಾಗಿ ಬಳಸುತ್ತ ಬಂದಿದ್ದಾರೆ. ಅದು ನ್ಯಾಯವಲ್ಲ. ಇಪಿಎ ಕೂಡ ಆ ವಸ್ತುವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲುದೆಂಬ ವರ್ಗದಲ್ಲಿಯೇ ಇರಿಸಿತು. ಎನ್‌ಆರ್‌ಡಿಸಿಯ ಅಂದಾಜು ಮಾತ್ರ ಇಪಿಎ ಅಂದಾಜಿಗಿಂತ ಹಲವು ಪಟ್ಟು ದೊಡ್ಡದಾಗಿತ್ತು. ಮುಂದಿನ ಪರೀಕ್ಷೆಗಳ ಬಳಿಕ ಇಪಿಎ ತನ್ನ ಅಂದಾಜನ್ನೂ ಕೆಳಗಿಳಿಸಿತು. ಅಪಾಯವಿತ್ತು, ಅದು ಹೇಳಿದಷ್ಟಿರಲಿಲ್ಲ. ಜೀವಮಾನವಿಡೀ ತಿಂದರೆ ಕೂಡಿಬರುವ ಅಪಾಯಕ್ಕೂ ನಾಳೆಯೇ ಮಗು ಮಲಗೀತೆಂಬ ಭಯಕ್ಕೂ ಇರುವ ಅಂತರವನ್ನು ತಿಳಿಹೇಳುವ ಕೆಲಸ ಆ ವಾರಗಳಲ್ಲಿ ನಡೆಯಲೇ ಇಲ್ಲ. ನಟಿಯ ಮುಖ ಹಾಗೆ ತಿಳಿಹೇಳುವುದಕ್ಕೆ ಒದಗುವ ಸಾಧನವೂ ಅಲ್ಲ. ನೋಡಿದವರ ಎದೆ ಮೊದಲು ನಡುಗುತ್ತದೆ, ಲೆಕ್ಕ ಆಮೇಲೆ.

ಆದರೆ ಅಂಕಿಯ ಮಾತನ್ನು ಬದಿಗಿಟ್ಟು ಮೂಲ ಪ್ರಶ್ನೆಯನ್ನು ನೋಡಿದರೆ ತಾಯಂದಿರ ಕೂಟದ ಕಡೆಗೇ ತಕ್ಕಡಿ ವಾಲುತ್ತದೆ. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಶಿಶುಗಳ ಆಹಾರದಲ್ಲಿನ ಪೀಡೆನಾಶಕಗಳನ್ನು ಕುರಿತು ವಿಸ್ತೃತ ವರದಿ ನೀಡಿತು. ಮಗು ಎಂದರೆ ಚಿಕ್ಕ ಗಾತ್ರದ ವಯಸ್ಕನಲ್ಲ, ಅದರ ಆಹಾರವೂ ದೇಹವೂ ಬೇರೆ, ಮಿತಿಗಳನ್ನು ಅದಕ್ಕೆ ತಕ್ಕಂತೆ ಮರುನಿಗದಿ ಮಾಡಬೇಕು ಎಂಬುದು ಅದರ ಸಾರ. 1996ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಆಹಾರ ಗುಣಮಟ್ಟ ಸಂರಕ್ಷಣಾ ಕಾಯಿದೆ, ಮಕ್ಕಳಿಗಾಗಿ ಹತ್ತು ಪಟ್ಟು ಹೆಚ್ಚಿನ ಸುರಕ್ಷತೆಯ ಅಂತರವನ್ನು ಇಡಬೇಕೆಂದು ವಿಧಿಸಿತು. ಆ ಅಂತರ ಬೇಡವೆನ್ನುವುದಾದರೆ ಅದಕ್ಕೆ ವಿಶ್ವಾಸಾರ್ಹ ಮಾಹಿತಿಯ ಆಧಾರ ಇರಲೇಬೇಕು. ಸಾಕ್ಷ್ಯದ ಹೊರೆ ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾದದ್ದು ಹೀಗೆ.

ಇದೇ ಪ್ರಶ್ನೆ ಅದೇ ವರ್ಷಗಳಲ್ಲಿ ಪಶ್ಚಿಮ ಘಟ್ಟದ ಬುಡದಲ್ಲಿಯೂ ಇತ್ತು. ಅದಕ್ಕೆ ತಾರೆಯರ ಬೆಳಕು ಬೀಳಲಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದು 1970ರ ದಶಕದ ಕೊನೆಯಲ್ಲಿ ಆರಂಭವಾಗಿ 2000ದವರೆಗೆ ನಡೆಯಿತು. ಗೇರಿನ ಚಹಾ ಸೊಳ್ಳೆಯನ್ನು ಹತೋಟಿಗೆ ತರುವುದು ಉದ್ದೇಶ. ತೋಟ ಗುಡ್ಡದ ಮೇಲೆ, ಮನೆ, ಬಾವಿ, ಸುರಂಗದ ನೀರು ಕಣಿವೆಯಲ್ಲಿ. ಕನ್ನಡ, ತುಳು ಮಾತಾಡುವ ಎಣ್ಮಕಜೆಯ ಪಡ್ರೆ, ಸ್ವರ್ಗದಂಥ ಹಳ್ಳಿಗಳ ಮಕ್ಕಳ ಸ್ಥಿತಿಯನ್ನು ಹೊರಜಗತ್ತಿಗೆ ತಿಳಿಸಿದವರು ಊರಿನ ವೈದ್ಯರಾದ ವೈ. ಎಸ್. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ. ಕೃಷಿ ಇಲಾಖೆಯಲ್ಲಿ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲು ಹತ್ತಿ ತಡೆಯಾಜ್ಞೆ ತಂದರು. ಆಕೆಯ ಹೆಸರನ್ನು ಎಷ್ಟು ವಿದ್ಯಾರ್ಥಿಗಳು ಕೇಳಿದ್ದಾರೆ? ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಯ ಶಾಲಾ ಬಾಲಕರನ್ನು ಸಿಂಪಡಣೆಯಿಲ್ಲದ ಊರಿನ ಬಾಲಕರೊಡನೆ ಹೋಲಿಸಿ, ಪ್ರಾಯಕ್ಕೆ ಬರುವುದು ವಿಳಂಬವಾಗಿರುವುದನ್ನು 2003ರಲ್ಲಿ ಪ್ರಕಟಿಸಿದರು. ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆದದ್ದು 2011ರ ಮೇ 13ರಂದು. ಸೇಬಿನ ಪ್ರಕರಣದಲ್ಲಿ ನಾಲ್ಕು ತಿಂಗಳಲ್ಲಿ ಆದದ್ದಕ್ಕೆ ಇಲ್ಲಿ ಒಂದು ತಲೆಮಾರು ಹಿಡಿಯಿತು. ಖ್ಯಾತಿಯ ಬೆಲೆ ಎಷ್ಟೆಂದು ತಿಳಿಯಲು ಇಷ್ಟು ಹೋಲಿಕೆ ಸಾಕು; ಖ್ಯಾತಿಯನ್ನು ಹಗುರವಾಗಿ ಕಾಣುವವರೂ ಇದನ್ನು ನೆನೆಯಬೇಕು.

ಸ್ಟ್ರೀಪ್ ಕಟ್ಟಿದ ಕೂಟ 1989ರ ಗದ್ದಲದೊಡನೆ ಮುಗಿಯಲಿಲ್ಲ. ಅದರ ನಂತರದ ಕೆಲಸವೇ ಹೆಚ್ಚು ಅಭ್ಯಾಸಯೋಗ್ಯವಾದದ್ದು, ಮತ್ತು ಅದನ್ನು ಬಲ್ಲವರೇ ಕಡಿಮೆ. ಮಕ್ಕಳ ಆಹಾರವನ್ನು ಕುರಿತ ಕೈಪಿಡಿ ಬಂತು. ಊರಿನ ಅಂಗಡಿಕಾರನನ್ನು, ಶಾಲೆಯ ಅಡುಗೆಮನೆಯವರನ್ನು ಹಣ್ಣು ಎಲ್ಲಿಂದ ಬಂತು, ಹೇಗೆ ಬೆಳೆದದ್ದು ಎಂದು ಕೇಳಿ ವಿಚಾರಿಸುವ ಅಭ್ಯಾಸವನ್ನು ಕೂಟ ಕೊಳ್ಳುವವರಲ್ಲಿ ಬೆಳೆಸತೊಡಗಿತು. 1990ರ ದಶಕದ ನಡುವಿನಲ್ಲಿ ಅದು ನ್ಯೂಯಾರ್ಕ್ ಮತ್ತು ನ್ಯೂ ಇಂಗ್ಲೆಂಡಿನ ಸೇಬು ಬೆಳೆಗಾರರೊಂದಿಗೇ ಕೈಜೋಡಿಸಿತು. ಸೇಬಿನ ಮಾರುಕಟ್ಟೆಯನ್ನು ನಡುಗಿಸಿದ್ದ ಹೆಸರಿನ ಪಕ್ಕದಲ್ಲಿ ಸೇಬಿನವನೇ ಬಂದು ಕುಳಿತ.

ಆ ಕೂಡುಕೆಲಸದ ತಾಂತ್ರಿಕ ವಿವೇಕವನ್ನು ಮೆಚ್ಚಬೇಕು. ಪಶ್ಚಿಮದ ಒಣ ಕಣಿವೆಗಳಂತಲ್ಲ ಈಶಾನ್ಯದ ಬೆಟ್ಟಗಳು. ವಸಂತದಲ್ಲಿ ಬಿಡದ ಮಳೆ, ಎಲೆ ಒಣಗಲು ಬಿಡದ ತೇವ. ಸೇಬಿನ ಕಜ್ಜಿ ರೋಗ ಅಲ್ಲಿ ಪ್ರತಿವರ್ಷದ ಪಿಡುಗು. ಕೊಳೆರೋಗಕ್ಕೆ ಬೋರ್ಡೋ ಹೊಡೆಯದೆ ಅಡಿಕೆ ಉಳಿಸಿಕೊಳ್ಳುವುದು ಮಲೆನಾಡಿನಲ್ಲಿ ಎಷ್ಟು ಕಷ್ಟವೋ, ಶಿಲೀಂಧ್ರನಾಶಕವಿಲ್ಲದೆ ಸೇಬು ಬೆಳೆಯುವುದು ಅಲ್ಲಿ ಅಷ್ಟೇ ಕಷ್ಟ. ಒಂದೇ ಏಟಿಗೆ ಪೂರ್ಣ ಸಾವಯವಕ್ಕೆ ಬನ್ನಿ ಎಂದಿದ್ದರೆ ಹತ್ತಿರದ ತೋಟಗಳು ಮುಚ್ಚಿ, ಹಣ್ಣು ಮೂರು ಸಾವಿರ ಮೈಲಿ ದೂರದಿಂದ ಬರುತ್ತಿತ್ತು. ಆದ್ದರಿಂದ ಒಪ್ಪಂದ ಹೀಗಾಯಿತು: ಬೆಳೆಗಾರ ಸಮಗ್ರ ಪೀಡೆ ನಿರ್ವಹಣೆಯನ್ನು ಅನುಸರಿಸಬೇಕು, ಅಂದರೆ ಪಂಚಾಂಗ ನೋಡಿ ಸಿಂಪಡಿಸದೆ ತೋಟ ಸುತ್ತಿ, ಕೀಟದ ಎಣಿಕೆ ನೋಡಿ, ಎಲೆಯ ತೇವ ನೋಡಿ, ಅವಶ್ಯವಾದಾಗಲಷ್ಟೇ ಸಿಂಪಡಿಸಬೇಕು. ಕೂಟ ಅಂಥ ಹಣ್ಣಿಗೆ 'ಕೋರ್ ವ್ಯಾಲ್ಯೂಸ್' ಎಂಬ ಗುರುತುಚೀಟಿಯನ್ನು ಒದಗಿಸಿ, ಇದು ಹತ್ತಿರದ ತೋಟದ ಹಣ್ಣು, ಹೀಗೆ ಬೆಳೆದದ್ದು ಎಂದು ಕೊಳ್ಳುವವರಿಗೆ ತಿಳಿಸಬೇಕು.

ಈ ಕೆಲಸದ ಪ್ರಮಾಣ ದೊಡ್ಡದಿರಲಿಲ್ಲ. ದೂರದರ್ಶನ ಅದಕ್ಕೆ ವಿಶೇಷ ಕಾರ್ಯಕ್ರಮ ಮಾಡಲಿಲ್ಲ. ಸ್ಟ್ರೀಪ್ 1990ರಲ್ಲಿ ಭೂಮಿಯ ಪರಿಸರವನ್ನು ಕುರಿತ ಹತ್ತು ಕಂತುಗಳ ಸಾರ್ವಜನಿಕ ದೂರದರ್ಶನ ಸರಣಿಯನ್ನು ನಡೆಸಿಕೊಟ್ಟರಾದರೂ ಕ್ರಮೇಣ ವೇದಿಕೆಯ ಮುಂಭಾಗದಿಂದ ಸರಿದು ತಮ್ಮ ವೃತ್ತಿಯ ಕಡೆಗೆ ತಿರುಗಿದರು. ಕೂಟವೂ ಹೊಸ ಶತಮಾನದ ಆರಂಭದಲ್ಲಿ ಮುಚ್ಚಿತು. ಅಷ್ಟರಲ್ಲಿ ಅಮೆರಿಕದ ಊರೂರಿನಲ್ಲಿ ರೈತರ ಸಂತೆಗಳು ಮರಳಿ ಬರತೊಡಗಿದ್ದವು, ಸಾವಯವ ಉತ್ಪನ್ನಗಳಿಗೆ ರಾಷ್ಟ್ರೀಯ ಮಾನದಂಡ 2002ರಲ್ಲಿ ಜಾರಿಗೆ ಬಂದಿತ್ತು. ಇದೆಲ್ಲವೂ ಒಬ್ಬ ನಟಿಯಿಂದಾಯಿತೆಂದರೆ ಅತಿಶಯೋಕ್ತಿ; ಆಕೆಯಿಂದ ಏನೂ ಆಗಲಿಲ್ಲವೆಂದರೆ ಅಸತ್ಯ.

ಅಲಾರ್‌ಗೆ ಕಾರಣವಾದದ್ದು ಬೆಳೆಗಾರನ ದುರಾಸೆಯೊಂದೇ ಅಲ್ಲ. ಒಂದೇ ಅಳತೆಯ, ಒಂದೇ ಕೆಂಪಿನ, ಕಲೆಯಿಲ್ಲದ ಹಣ್ಣನ್ನೇ ಆರಿಸುವ ಕೈ ಅಂಗಡಿಯಲ್ಲಿತ್ತು, ಮತ್ತು ಆ ಕೈ ಬಹುಮಟ್ಟಿಗೆ ತಾಯಂದಿರದೇ ಆಗಿತ್ತು. ಕೂಟದವರು ಬೆಳೆಗಾರರ ಜೊತೆ ಕುಳಿತಾಗ ಮಾತಿಗೆ ಬಂದ ಮುಖ್ಯ ವಿಷಯಗಳಲ್ಲಿ ಇದೂ ಒಂದು: ಸಿಪ್ಪೆಯ ಮೇಲಿನ ಒಂದೆರಡು ಕಂದು ಚುಕ್ಕೆಗಳನ್ನು ಕೊಳ್ಳುವವರು ಸಹಿಸಿಕೊಂಡರೆ, ತೋಟದಲ್ಲಿ ಎಷ್ಟು ಸಿಂಪಡಣೆಗಳನ್ನು ಬಿಡಬಹುದು ಎಂಬುದು.